ಕಾರಿನ ಎಸಿಯ ಮುಗ್ಗಲು ವಾಸನೆ: ನೀರು ಹೊರಹೋಗುವ ದಾರಿಯಿಂದ ಶುರು ಮಾಡಿದೆ

ಎಸಿ ಹಾಕಿದ ಕೂಡಲೇ ಒದ್ದೆ ಗೋಣಿಚೀಲದಂಥ ವಾಸನೆ. ತಂಪು ಏರುತ್ತಿದ್ದಂತೆ ಕಡಿಮೆಯಾಗುತ್ತದೆ, ಇನ್ನೇನು ಹೋಯಿತು ಅನ್ನುವಷ್ಟರಲ್ಲಿ ಕಂಪ್ರೆಸರ್ ನಿಂತಾಗ ಮತ್ತೆ ಒಮ್ಮೆ ಮೂಗಿಗೆ ಹೊಡೆಯುತ್ತದೆ. ನಿಮ್ಮ ಕಾರಿನಲ್ಲಿಯೂ ಹೀಗೇ ಆಗುತ್ತಿದ್ದರೆ ವಾಸನೆಯ ಮೂಲ ಸೀಟಲ್ಲಿ ಇಲ್ಲ, ಡ್ಯಾಶ್‌ಬೋರ್ಡಿನ ಹಿಂದೆ ಇರುವ ಕೂಲಿಂಗ್ ಕಾಯಿಲ್‌ನಲ್ಲಿದೆ ಎಂದು ಬಹುಮಟ್ಟಿಗೆ ನಂಬಬಹುದು.

ನಾನು ಮಂಗಳೂರಿನಲ್ಲಿ ಟೂರಿಸ್ಟ್ ಟ್ಯಾಕ್ಸಿ ಓಡಿಸುತ್ತೇನೆ. ಬಾಡಿಗೆ ಹೆಚ್ಚಾಗಿ ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು ಕಡೆಗೆ. ಜನ ನೇತ್ರಾವತಿಯಲ್ಲೋ ಕುಮಾರಧಾರೆಯಲ್ಲೋ ಮಿಂದು, ಒದ್ದೆ ಬಟ್ಟೆಯ ಗಂಟು ಹಿಡಿದುಕೊಂಡೇ ಕಾರು ಹತ್ತುತ್ತಾರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನೊಳಗೆ ಯಾವುದೂ ಪೂರ್ತಿ ಒಣಗುವುದಿಲ್ಲ, ಗಾಜಿಗೆ ಮಂಜು ಕಟ್ಟುವುದರಿಂದ ಎಸಿ ಆರಿಸುವಂತೆಯೂ ಇಲ್ಲ. ಹಿಂದಿನ ಸೀಟಿನಿಂದ "ಅಣ್ಣಾ, ಕಿಟಕಿ ಸ್ವಲ್ಪ ಇಳಿಸ್ತೀರಾ?" ಎಂಬ ಮಾತು ಬಂದರೆ ನನಗೆ ಅದು ದೂರೇ. ದುಡ್ಡು ಕೊಟ್ಟು ಎಸಿ ಕಾರು ಹಿಡಿದವರು ಕಿಟಕಿ ತೆರೆದು ಕೂರುವಂತಾಗಬಾರದು.

ಒಂದು ಗ್ಯಾರೇಜಿನಲ್ಲಿ "ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು" ಎಂದರು. ಇನ್ನೊಂದು ಕಡೆ "ಗ್ಯಾಸ್ ತುಂಬಿಸಿ, ಸರಿ ಹೋಗುತ್ತೆ" ಎಂದರು. ಎರಡನೆಯದಂತೂ ತಪ್ಪು ಸಲಹೆ. ಗ್ಯಾಸು ಮುಚ್ಚಿದ ಪೈಪಿನೊಳಗೇ ಸುತ್ತುತ್ತದೆ. ನಾವು ಉಸಿರಾಡುವ ಗಾಳಿಗೆ ಅದು ಸೋಕುವುದೇ ಇಲ್ಲ. ಡ್ಯಾಶ್‌ಬೋರ್ಡ್ ಬಿಚ್ಚುವುದು ಕೊನೆಯ ಉಪಾಯ. ಅದಕ್ಕೆ ಮೊದಲು ಮನೆಯಲ್ಲೇ ಮಾಡಬಹುದಾದ ಕೆಲಸ ಬೇಕಾದಷ್ಟಿದೆ, ಅದನ್ನು ನಾನೇ ಮಾಡಿಕೊಂಡೆ.

ಕಾಯಿಲ್ ಅಂದರೆ ಅಲ್ಯೂಮಿನಿಯಂನ ತೆಳು ತಗಡುಗಳನ್ನು ಒತ್ತೊತ್ತಾಗಿ ಜೋಡಿಸಿದ ಪೆಟ್ಟಿಗೆ. ಎಸಿ ಓಡುವಾಗ ಅದು ಸೊನ್ನೆ ಡಿಗ್ರಿಯ ಹತ್ತಿರಕ್ಕೆ ತಣ್ಣಗಾಗುತ್ತದೆ. ಹಿಮ ಕಟ್ಟಿಬಿಡದಂತೆ ನಡುನಡುವೆ ಕಂಪ್ರೆಸರ್ ನಿಲ್ಲುತ್ತದೆ. ತೇವದ ಗಾಳಿ ಅದರ ಮೂಲಕ ಹಾಯುವಾಗ ನೀರು ಹನಿಯಾಗಿ ತಗಡಿಗೆ ಕೂತು, ಕೆಳಗಿನ ತಟ್ಟೆಗೆ ಇಳಿದು, ರಬ್ಬರ್ ಪೈಪಿನ ಮೂಲಕ ಕಾರಿನಡಿಗೆ ಸುರಿಯಬೇಕು. ಗಾಳಿಯ ಜೊತೆ ಬಂದ ಧೂಳು, ಹೂವಿನ ಪರಾಗ, ಬಟ್ಟೆಯ ನಾರು ಇವೆಲ್ಲ ಅದೇ ಒದ್ದೆ ತಗಡಿಗೆ ಅಂಟುತ್ತವೆ. ಕಾರು ನಿಲ್ಲಿಸಿದ ಮೇಲೆ ಒಳಗೆ ಕತ್ತಲೆ, ಬೆಚ್ಚಗೆ, ತೇವ. ಬೂಷ್ಟು ಬೆಳೆಯುವುದಕ್ಕೆ ಇನ್ನೇನು ಬೇಕು? ಹಾಗಾಗಿ ವಾಸನೆ ಓಡಿಸುವ ಕೆಲಸ ಅಂದರೆ ನಿಜವಾಗಿ ನೀರನ್ನು ಓಡಿಸುವ ಕೆಲಸ. ಬಾಡಿಗೆ ಸ್ಟ್ಯಾಂಡಿನಲ್ಲಿ ಯಾರು ಕೇಳಿದರೂ ನಾನು ಇಷ್ಟನ್ನೇ ಮೊದಲು ಹೇಳುತ್ತೇನೆ.

ಆದ್ದರಿಂದ ಶುರು ಮಾಡಿದ್ದು ನೀರಿನ ಪೈಪಿನಿಂದ. ಸಮತಟ್ಟಾದ ಬಯಲು ಜಾಗದಲ್ಲಿ ಕಾರು ನಿಲ್ಲಿಸಿ, ಎಸಿ ಜೋರಾಗಿಟ್ಟು ಇಪ್ಪತ್ತು ನಿಮಿಷ ಓಡಲು ಬಿಟ್ಟೆ. ನಮ್ಮ ದೇಶದ ಕಾರುಗಳಲ್ಲಿ ಸಾಮಾನ್ಯವಾಗಿ ಎಡಗಡೆ ಮುಂದಿನ ಸೀಟಿನ ನೇರಕ್ಕೆ ಕೆಳಗೆ ನೀರು ತೊಟ್ಟಿಕ್ಕುತ್ತದೆ. ಮಳೆಗಾಲದಲ್ಲಿ ಇಷ್ಟು ಹೊತ್ತಿಗೆ ನೆಲ ಚೆನ್ನಾಗಿ ಒದ್ದೆಯಾಗಬೇಕಿತ್ತು. ಆಗಲಿಲ್ಲ, ಎಲ್ಲೋ ಒಂದೊಂದು ಹನಿ. ಎಡಗಡೆಯ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಿದರೆ ಬೆರಳ ಸುತ್ತ ನೀರು ಜಿನುಗಿತು. ಪೈಪು ಕಟ್ಟಿಕೊಂಡು ತಟ್ಟೆಯ ನೀರು ಒಳಗೇ ಇಳಿಯುತ್ತಿತ್ತು.

ಎಂಜಿನ್ ಆರಿಸಿ, ಅದು ತಣ್ಣಗಾಗುವವರೆಗೆ ಕಾದು, ಬಾನೆಟ್ ತೆಗೆದು ಎಂಜಿನ್ನಿನ ಹಿಂದಿನ ಗೋಡೆಯ ಕೆಳಭಾಗದಲ್ಲಿ ಪೈಪಿನ ಬಾಯಿ ಹುಡುಕಿದೆ. ಕೆಲವು ಕಾರುಗಳಲ್ಲಿ ಇದಕ್ಕೆ ಅಡಿಯಿಂದಲೇ ಕೈಹಾಕಬೇಕು. ಆಗ ಕಾರನ್ನು ರ್‍ಯಾಂಪ್ ಮೇಲೆ ಹತ್ತಿಸಿ, ಬರೀ ಜಾಕ್ ನಂಬಿ ಅಡಿಗೆ ನುಗ್ಗಬೇಡಿ. ಮೀನಿನ ತೊಟ್ಟಿಗೆ ಹಾಕುವ ಮೆತ್ತನೆ ಪ್ಲಾಸ್ಟಿಕ್ ಕೊಳವೆಯನ್ನು ಪೈಪಿನೊಳಗೆ ನಿಧಾನವಾಗಿ ತೂರಿಸಿದೆ. ಕಬ್ಬಿಣದ ತಂತಿ ಹಾಕಬಾರದು, ಕಾಯಿಲ್‌ಗೆ ತಾಗಿ ತೂತಾದರೆ ಖರ್ಚು ದೊಡ್ಡದು. ಗೇಣುದ್ದ ಒಳಹೋದ ಮೇಲೆ ಏನೋ ತಡೆಯಿತು. ಕೊಳವೆಯನ್ನು ಸ್ವಲ್ಪ ತಿರುಗಿಸಿ ಎಳೆದಾಗ ಕಂದು ಬಣ್ಣದ ಲೋಳೆಯ ಮುದ್ದೆಯೊಂದು ಹೊರಬಂತು. ಅದರಲ್ಲಿ ಗಾಳಿಮರದ ಸೂಜಿಯೆಲೆ, ಒಂದೆರಡು ಇರುವೆ, ಕೆಂಪು ಮಣ್ಣು ಕಲಸಿಕೊಂಡಿದ್ದವು. ಅದರ ಹಿಂದೆಯೇ ಒಂದೂವರೆ ಚೊಂಬಿನಷ್ಟು ನೀರು ಒಂದೇ ಸಮನೆ ಸುರಿಯಿತು. ವಾರಗಟ್ಟಲೆ ನಿಂತ ನೀರಿನ ವಾಸನೆ ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಆಮೇಲೆ ಎಸಿ ಫಿಲ್ಟರ್. ಗ್ಲೋವ್ ಬಾಕ್ಸ್ ಖಾಲಿ ಮಾಡಿ, ಎರಡೂ ಬದಿಯನ್ನು ಒಳಕ್ಕೆ ಒತ್ತಿದರೆ ಅದು ಕೆಳಗೆ ಬೀಳುತ್ತದೆ. ಹಿಂದೆ ಉದ್ದನೆಯ ಮುಚ್ಚಳ, ಅದರೊಳಗೆ ಫಿಲ್ಟರ್. ಕೆಲವು ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಫಿಲ್ಟರೇ ಇರುವುದಿಲ್ಲ, ಜಾಗ ಮಾತ್ರ ಇರುತ್ತದೆ. ತಂದು ಹಾಕಿಕೊಳ್ಳಿ. ನನ್ನದು ಬೂದಿ ಬಣ್ಣಕ್ಕೆ ತಿರುಗಿ ಮಡಿಕೆಗಳ ನಡುವೆ ಕಪ್ಪು ಚುಕ್ಕಿ ಎದ್ದಿತ್ತು. ಅಂಥದ್ದನ್ನು ತೊಳೆದು ಒಣಗಿಸಿ ಮತ್ತೆ ಹಾಕುವವರಿದ್ದಾರೆ, ಪೇಪರ್ ಫಿಲ್ಟರ್‌ಗೆ ಅದು ಆಗದ ಮಾತು. ಒಂದು ಊಟದ ಪಾರ್ಟಿಗಿಂತ ಕಡಿಮೆ ದುಡ್ಡಿಗೆ ಹೊಸದು ಸಿಗುತ್ತದೆ. ಅದರ ಅಂಚಿನಲ್ಲಿ ಬಾಣದ ಗುರುತಿರುತ್ತದೆ, ಗಾಳಿ ಹೋಗುವ ದಿಕ್ಕಿಗೆ ಅದು ನೋಡುತ್ತಿರಬೇಕು.

ಫಿಲ್ಟರ್ ತೆಗೆದ ಜಾಗದಲ್ಲಿ ಇಲಿಯ ಹಿಕ್ಕೆಯೋ ಹರಿದ ಹತ್ತಿಯೋ ಕಂಡರೆ ಹುಷಾರು. ನಮ್ಮ ಕರಾವಳಿಯಲ್ಲಿ ಮಳೆಗಾಲದ ಇಲಿ ಜ್ವರ ಸಣ್ಣ ವಿಷಯವಲ್ಲ. ಕೈಗವಸು, ಮಾಸ್ಕ್ ಹಾಕಿ, ಮೊದಲು ಸೋಂಕುನಾಶಕದಿಂದ ತೋಯಿಸಿ ಆಮೇಲೆ ಒರೆಸಬೇಕು. ಒಣಗಿದ್ದನ್ನು ಊದಿ ಹಾರಿಸಬಾರದು.

ಕಾಯಿಲ್ ತೊಳೆಯಲು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಎಸಿ ಕ್ಲೀನರ್ ಫೋಮ್ ಎಂದು ಡಬ್ಬಿ ಸಿಗುತ್ತದೆ, ಜೊತೆಗೆ ಸಪೂರ ಉದ್ದ ಕೊಳವೆ. ಅಲ್ಯೂಮಿನಿಯಂಗೆ ಆಗುತ್ತದೆ ಎಂದು ಬರೆದಿರುವುದನ್ನೇ ತೆಗೆದುಕೊಂಡೆ. ಎಂಜಿನ್ ಬಂದ್, ಬ್ಲೋವರ್ (ಎಸಿಯ ಗಾಳಿ ಊದುವ ಫ್ಯಾನ್) ಬಂದ್, ಎಲ್ಲ ಬಾಗಿಲು ತೆರೆದು, ಎಡಗಡೆ ನೆಲಕ್ಕೆ ಹಳೆ ಟವೆಲ್ ಹಾಸಿದೆ. ಫಿಲ್ಟರ್ ಜಾಗದಿಂದ ಟಾರ್ಚ್ ಬಿಟ್ಟರೆ ಕಾಯಿಲ್‌ನ ತಗಡು ಕಾಣುತ್ತದೆ. ಕೊಳವೆಯನ್ನು ಆ ಕಡೆಗೆ ತಿರುಗಿಸಿ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಸಿಂಪಡಿಸಿದೆ. ಬ್ಲೋವರ್ ಮೋಟಾರಿಗೂ ಅದರ ವೈರಿಗೂ ತಾಗಿಸಲಿಲ್ಲ. ಉಳಿದ ಫೋಮನ್ನು ನೀರಿನ ಪೈಪಿನ ಕಡೆಯಿಂದ ಮೇಲಕ್ಕೆ ಬಿಟ್ಟೆ, ಏಕೆಂದರೆ ತಟ್ಟೆಯ ಮೂಲೆಗೆ ಮೇಲಿನಿಂದ ಫೋಮ್ ಮುಟ್ಟುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ನೊರೆ ಕರಗಿ ಕೆಳಗಿಟ್ಟ ಬೇಸಿನ್ನಿಗೆ ಇಳಿಯಿತು, ಬಣ್ಣ ಕಡು ಚಹಾ. ನೀರು ತಿಳಿಯಾಗುವವರೆಗೆ ಇನ್ನೊಂದು ಸುತ್ತು ಹೊಡೆದೆ.

ಮುಂದಿನ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ವಾಸನೆ ಮತ್ತೆ ಬರುವುದೂ ಅದಕ್ಕೇ: ಒಣಗಿಸುವುದು. ಎಂಜಿನ್ ಶುರು ಮಾಡಿ, ಎಸಿ ಬಟನ್ ಆರಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿಟ್ಟು, ಹೊರಗಿನ ಗಾಳಿ ಬರುವಂತೆ ಮಾಡಿ ಕಾಲು ಗಂಟೆ ಓಡಿಸಿದೆ. ಕಿಟಕಿಗಳೆಲ್ಲ ತೆರೆದಿದ್ದವು. ಆ ಹೊತ್ತಿಗೆ ಒಳಗೆ ಕೂರಬೇಡಿ, ಔಷಧಿಯ ಘಾಟು ಗಂಟಲಿಗೆ ಹಿಡಿಯುತ್ತದೆ. ಶೆಡ್ಡಿನೊಳಗೆ ಎಂಜಿನ್ ಓಡಿಸಲೂಬೇಡಿ. ಎಲ್ಲ ಆದ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದೆ.

ಕಾರ್ಪೆಟ್ ಇನ್ನೂ ಕಷ್ಟ. ಮೇಲೆ ಒಣಗಿದಂತೆ ಕಂಡರೂ ಅಡಿಯ ಸ್ಪಂಜು ನೀರು ಹಿಡಿದಿಟ್ಟುಕೊಂಡಿರುತ್ತದೆ. ಸೀಟಿನ ಬೋಲ್ಟ್ ಬಿಚ್ಚಿ ಕಾರ್ಪೆಟ್ ಎತ್ತಿ, ಅಡಿಗೆ ಮರದ ತುಂಡು ಕೊಟ್ಟು, ರಾತ್ರಿಯಿಡೀ ಟೇಬಲ್ ಫ್ಯಾನ್ ಗಾಳಿ ಬಿಟ್ಟೆ. ಏರ್‌ಬ್ಯಾಗಿನ ವೈರು ಸೀಟಿನಡಿ ಇರುವ ಕಾರಾದರೆ ಸೀಟು ಬಿಚ್ಚುವ ಕೆಲಸ ತಿಳಿದವರಿಗೆ ಬಿಡಿ.

ಬ್ಲೀಚಿಂಗ್ ಪೌಡರ್ ನೀರು, ಟಾಯ್ಲೆಟ್ ಆ್ಯಸಿಡ್ ಇವನ್ನು ಒಳಗೆ ಸುರಿದವರ ಕಾಯಿಲ್ ತುಕ್ಕು ತಿಂದು ಗ್ಯಾಸ್ ಲೀಕ್ ಆಗುತ್ತದೆ. ಸುಲಭವಾಗಿ ಬೆಂಕಿ ಹಿಡಿಯುವ ಸ್ಪ್ರೇಯನ್ನು ಓಡುವ ಬ್ಲೋವರ್‌ಗೆ ಹೊಡೆಯುವುದು ಅಪಾಯ, ಅಲ್ಲಿ ಬಿಸಿಯಾಗುವ ಭಾಗಗಳಿವೆ. ಪರ್ಫ್ಯೂಮ್ ಬಾಟಲಿಯ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಮುಗ್ಗಲಿನ ಮೇಲೆ ಮಲ್ಲಿಗೆ ಸೇರಿದರೆ ಘಾಟಿಯ ತಿರುವಿನಲ್ಲಿ ಮಕ್ಕಳಿಗೆ ವಾಂತಿ ಬರುತ್ತದೆ. ಬೂಷ್ಟಿನ ಗಾಳಿ ಉಬ್ಬಸ ಇರುವವರಿಗೆ ತೊಂದರೆ ಕೊಡುತ್ತದೆ, ಸುಗಂಧ ಹಾಕಿದರೆ ಆ ಗಾಳಿ ಬದಲಾಗುವುದಿಲ್ಲ.

ಈಗ ನನ್ನ ರೂಢಿ ಇಷ್ಟು. ಇಳಿಯುವ ಜಾಗ ಬರಲು ಒಂದೆರಡು ಕಿಲೋಮೀಟರ್ ಇರುವಾಗ ಎಸಿ ಬಟನ್ ಆರಿಸಿ ಫ್ಯಾನ್ ಓಡಲು ಬಿಡುತ್ತೇನೆ, ಹೊರಗಾಳಿ ಬರುವಂತೆ ಮಾಡುತ್ತೇನೆ. ಕಾಯಿಲ್ ಒಣಗುತ್ತದೆ, ಪ್ರಯಾಣಿಕರಿಗೆ ಸೆಕೆಯೂ ಅನ್ನಿಸುವುದಿಲ್ಲ. ಒದ್ದೆ ಬಟ್ಟೆಗೆ ಡಿಕ್ಕಿಯಲ್ಲಿ ಮುಚ್ಚಳದ ಬಕೆಟ್ ಇಟ್ಟಿದ್ದೇನೆ, "ಅಮ್ಮಾ, ಬಟ್ಟೆ ಇಲ್ಲಿ ಹಾಕಿ" ಎಂದರೆ ಯಾರೂ ಬೇಜಾರು ಮಾಡಿಕೊಂಡಿಲ್ಲ. ವೈಪರ್ ಕೆಳಗಿನ ಜಾಲರಿಯ ಎಲೆಕಸವನ್ನು ಕಾರು ತೊಳೆಯುವಾಗಲೆಲ್ಲ ಕೈಯಿಂದ ತೆಗೆಯುತ್ತೇನೆ. ಹೊರಗಾಳಿ ಒಳಬರುವುದು ಅಲ್ಲಿಂದಲೇ. ಮೇ ಕೊನೆಯಲ್ಲಿ ಪೈಪು ನೋಡಿ ಫಿಲ್ಟರ್ ಬದಲಿಸುವುದು, ಮಳೆ ಬಿಟ್ಟ ಮೇಲೆ ಮತ್ತೊಮ್ಮೆ ತೆಗೆದು ನೋಡುವುದು.

ಇಷ್ಟು ಮಾಡಿಯೂ ವಾಸನೆ ಮರುಕಳಿಸಿದರೆ, ಎಸಿ ಹಾಕದೆ ಒಂದು ಮಳೆಯಲ್ಲಿ ಕಾರು ನಿಲ್ಲಿಸಿ ಕಾರ್ಪೆಟ್ ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ನೀರು ಬರುತ್ತಿರುವುದು ಮುಂದಿನ ಗಾಜಿನ ಅಂಚಿನಿಂದಲೋ ಬಾಗಿಲ ರಬ್ಬರಿನಿಂದಲೋ, ಅದಕ್ಕೆ ಗಾಜು ಕೂರಿಸುವವರ ಹತ್ತಿರ ಹೋಗಬೇಕು. ವಾಸನೆ ಮುಗ್ಗಲಲ್ಲದೆ ಸಿಹಿಯಾಗಿದ್ದು ಗಾಜಿನ ಒಳಬದಿಗೆ ಜಿಡ್ಡಿನ ಮಂಜು ಕೂತರೆ ಹೀಟರ್‌ನಿಂದ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಸೋರುತ್ತಿರಬಹುದು. ಅಂಥ ಕಾರನ್ನು ಮುಂದಿನ ಬಾಡಿಗೆಗೆ ತೆಗೆಯುವ ಮೊದಲೇ ಮೆಕ್ಯಾನಿಕ್‌ಗೆ ತೋರಿಸಿ.