ಹಳೇ ಮೋಟರ್, ಹಳ್ಳದ ನೀರು, ಮನೆಗೆ ಕರೆಂಟ್

ನಮ್ಮ ಮಲೆನಾಡಲ್ಲಿ ಮಳೆ ಹಿಡಿಯಿತೆಂದರೆ ಮರ ಬಿದ್ದು ಲೈನ್ ಹೋಗುತ್ತದೆ. ಹಳ್ಳ ತುಂಬಿ ಹರಿಯುವುದೂ ಆಗಲೇ. ಹಾಗಾಗಿ ಆ ನೀರಿನಿಂದಲೇ ಕರೆಂಟ್ ಮಾಡಿಕೊಂಡೆ.

ಡ್ರಮ್ಮಿಗೆ ನೀರು ಬಿಟ್ಟು ಗಡಿಯಾರ ನೋಡಿದರೆ ಸೆಕೆಂಡಿಗೆ ಸುಮಾರು 6 ಲೀಟರ್. ಕಟ್ಟದಿಂದ ಶೆಡ್ಡಿಗೆ ನೇರ ಎತ್ತರ 25 ಮೀಟರ್. 6, 25, ಜೊತೆಗೆ ಭೂಮಿಯ ಸೆಳೆತದ ಲೆಕ್ಕ 9.8, ಮೂರನ್ನೂ ಗುಣಿಸಿದರೆ 1470 ವಾಟ್. ಪೈಪು, ಚಕ್ರ, ಬೆಲ್ಟು ತಮ್ಮ ಪಾಲು ತಿಂದು ಅರ್ಧ ಉಳಿದರೂ ಬಲ್ಬು, ಫ್ಯಾನು, ಟಿವಿಗೆ ಧಾರಾಳ.

ಜನರೇಟರ್ ಕೊಳ್ಳಲಿಲ್ಲ. ತೋಟಕ್ಕೆ ನೀರೆತ್ತುತ್ತಿದ್ದ 2 ಎಚ್‌ಪಿ ತ್ರೀ ಫೇಸ್ ಮೋಟರನ್ನೇ ಪೆಲ್ಟನ್ ಚಕ್ರಕ್ಕೆ (ಅಂಚಿನ ಬಟ್ಟಲುಗಳಿಗೆ ನೀರಿನ ಧಾರೆ ಹೊಡೆದು ತಿರುಗುವ ಚಕ್ರ) ಬೆಲ್ಟ್ ಹಾಕಿ ಜೋಡಿಸಿದೆ. ಒಳಗಿನ ಮೂರು ಸುರುಳಿಗಳ ಜೋಡಣೆ ಸ್ಟಾರ್ (ಒಂದು ತುದಿ ಒಟ್ಟಿಗೆ ಸೇರಿದ್ದು) ಇದ್ದದ್ದನ್ನು ಡೆಲ್ಟಾ (ತ್ರಿಕೋನದಂತೆ) ಮಾಡಿದೆ. ಮನೆಗೆ ಸಿಂಗಲ್ ಫೇಸ್ ಸಾಕು. ಅದಕ್ಕೆ ಒಂದು ಫೇಸಿಗೆ ಒಂದು ಅಳತೆಯ ಕೆಪಾಸಿಟರ್ (ವಿದ್ಯುತ್ತನ್ನು ಕೂಡಿಟ್ಟು ಬಿಡುವ ಡಬ್ಬಿ), ಇನ್ನೊಂದಕ್ಕೆ ಅದರ ಎರಡರಷ್ಟು.

ಸುರುಳಿಯನ್ನು ಹಾಯುವ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ ಎಂದು ಫ್ಯಾರಡೆ 1831ರಲ್ಲೇ ತೋರಿಸಿದ. ಆಯಸ್ಕಾಂತ ಸುಮ್ನೆ ಪಕ್ಕದಲ್ಲಿದ್ದರೆ ಏನೂ ಆಗದು. ಆದರೆ ಈ ಮೋಟರ್ ಬಿಚ್ಚಿದರೆ ಒಳಗೆ ಆಯಸ್ಕಾಂತವೇ ಇಲ್ಲವಲ್ಲ ಅಂತೀರಾ? ಇದೆ, ಒಂಚೂರು. ಹಿಂದೆ ಓಡಿದಾಗಿನ ಕಾಂತಶಕ್ತಿ ರೋಟರಿನ, ಅಂದರೆ ತಿರುಗುವ ಭಾಗದ, ಕಬ್ಬಿಣದಲ್ಲಿ ಹಾಲಿಗೆ ಹಾಕುವ ಹೆಪ್ಪಿನಷ್ಟು ಉಳಿದಿರುತ್ತದೆ. ತಿರುಗಿಸಿದರೆ ಅದರಿಂದ ಬರುವುದು ಕೆಲವೇ ವೋಲ್ಟ್. ಆ ವೋಲ್ಟೇಜ್ ಕೆಪಾಸಿಟರ್ ಮೂಲಕ ಕರೆಂಟ್ ಹರಿಸುತ್ತದೆ. ಆ ಕರೆಂಟ್ ಕಾಂತಕ್ಷೇತ್ರವನ್ನು ಬಲಪಡಿಸುತ್ತದೆ, ವೋಲ್ಟೇಜ್ ಇನ್ನಷ್ಟು ಏರುತ್ತದೆ. ಇದನ್ನು ಮೀಟರಿನಲ್ಲೇ ನೋಡಬೇಕು. ವಾಲ್ವ್ ತೆರೆಯುತ್ತಾ ಹೋದರೂ ಮುಳ್ಳು ತಳದಲ್ಲೇ ನಡುಗುತ್ತಿರುತ್ತದೆ. ಒಂದು ವೇಗ ದಾಟಿದ್ದೇ ಸರ್ರನೆ 230ರ ಕಡೆ ಏರುತ್ತದೆ. ಕಬ್ಬಿಣ ಕಾಂತಶಕ್ತಿಯನ್ನು ಹಿಡಿಯುವಷ್ಟು ಹಿಡಿದ ಮೇಲೆ ಅಲ್ಲೇ ನಿಲ್ಲುತ್ತದೆ. 4 ಪೋಲ್ (ನಾಲ್ಕು ಕಾಂತಧ್ರುವಗಳ) ಮೋಟರಾದ್ದರಿಂದ ಲೈನ್ ಕರೆಂಟಿನಂತೆ 50 ಹರ್ಟ್ಸ್ ಬರಲು ನಿಮಿಷಕ್ಕೆ 1500 ಸುತ್ತಿಗಿಂತ ಸ್ವಲ್ಪ ಜಾಸ್ತಿ ಓಡಬೇಕು.

ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಶೆಡ್ಡಿನಲ್ಲಿ ಚಕ್ರದ ಸದ್ದು ಒಂದು ಕ್ಷಣ ಇಳಿಯುತ್ತದೆ. ಸುರುಳಿಯಲ್ಲಿ ಹರಿಯುವ ಕರೆಂಟೇ ರೋಟರಿಗೆ ಬ್ರೇಕ್ ಹಾಕುತ್ತದೆ. ಲೋಡ್ ಮಿತಿಮೀರಿದರೆ ವೋಲ್ಟೇಜ್ ಕುಸಿದು ಆ ಹೆಪ್ಪೂ ಕೆಲವೊಮ್ಮೆ ಹೋಗಿಬಿಡುತ್ತದೆ. ಆಮೇಲೆ ಚಕ್ರ ಎಷ್ಟು ತಿರುಗಿದರೂ ಮೀಟರ್ ಸೊನ್ನೆ. ಆಗ ಚಕ್ರ ನಿಲ್ಲಿಸಿ, ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ (ಇದನ್ನು ಮರೆಯಲೇಬಾರದು, ಜೋರಾಗಿ ಹೊಡೆಯುತ್ತದೆ), 12 ವೋಲ್ಟ್ ಬ್ಯಾಟರಿಯ ವೈರನ್ನು ಸುರುಳಿಗೆ ಒಂದು ಕ್ಷಣ ತಾಗಿಸುತ್ತೇನೆ. ಮತ್ತೆ ಶುರು.

ರಾತ್ರಿ ಹೆಚ್ಚಿನ ಸ್ವಿಚ್ ಆರಿಸಿದರೆ ಚಕ್ರ ಎದ್ದುಬಿದ್ದು ಓಡಿ ವೋಲ್ಟೇಜ್ ಏರುತ್ತದೆ, ಉರಿಯುತ್ತಿರುವ ಬಲ್ಬು ಸುಡುತ್ತವೆ. ಅದಕ್ಕೇ ಲೋಡ್ ಕಂಟ್ರೋಲರ್ ಬೇಕೇ ಬೇಕು. ನಮ್ಮದು ಉಳಿದ ಕರೆಂಟನ್ನೆಲ್ಲ ಬಚ್ಚಲುಮನೆ ಟ್ಯಾಂಕಿನ ಹೀಟರಿಗೆ ಕಳಿಸುತ್ತದೆ. ಮಳೆಗಾಲದಲ್ಲಿ ಸ್ನಾನಕ್ಕೆ ಸೌದೆ ಒಟ್ಟುವ ಕೆಲಸ ತಪ್ಪಿದೆ. ಬೇಸಿಗೆಗೆ ಹಳ್ಳ ಬತ್ತಿದ ಮೇಲೆ ನಮಗೂ ಲೈನ್ ಕರೆಂಟೇ ಗತಿ.