‘ತಂಗಿ ಉಳಿದ್ಲೇನು?’: ಒಂದು ವಿಮರ್ಶೆಯನ್ನು ಎರಡು ಸಲ ಬರೆದ ಕತೆ

2015ರ ಕೊನೆಯಲ್ಲಿ ‘ದಿ ಹಂಗರ್ ಗೇಮ್ಸ್: ಮಾಕಿಂಗ್‌ಜೇ ಭಾಗ 2’ ಬಂದಾಗ ನಾನು ಬಳ್ಳಾರಿಯ ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದೆ. ಸಿಗುತ್ತಿದ್ದ ಜಾಗ 400 ಪದ, ಅಷ್ಟೇ. ಬೆಂಗಳೂರಿಗೆ ಹೋಗಿ ಸಿನಿಮಾ ನೋಡಿ, ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಮೇಲಿನ ಬರ್ತಿನಲ್ಲಿ ಮೊಬೈಲ್ ಬೆಳಕಿನಲ್ಲೇ ಬರೆಯುತ್ತಾ ಹೋದೆ. ಊರು ಬರುವಷ್ಟರಲ್ಲಿ ವಿಮರ್ಶೆ ಮುಗಿದಿತ್ತು. ಅದರಲ್ಲಿದ್ದ ಹೆಚ್ಚಿನ ಮಾತು ನಿಜವೇ. ಆದರೂ ವಿಮರ್ಶೆ ಸರಿ ಇರಲಿಲ್ಲ.

ಏನು ಬರೆದಿದ್ದೆ ಅಂದರೆ, ಸುಝಾನ್ ಕಾಲಿನ್ಸ್ ಅವರ ಮೂರನೇ ಕಾದಂಬರಿ ಒಂದೇ ಪುಸ್ತಕ, ಅದನ್ನು ಎರಡು ಸಿನಿಮಾ ಮಾಡಿದ್ದಾರೆ, ಹೋದ ವರ್ಷದ್ದು 123 ನಿಮಿಷ, ಇದು 137, ಎರಡೂ ಸೇರಿದರೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ, ಮೊದಲ ಗಂಟೆ ಬರೀ ಮಾತು, ಬಲೆಗಳು ತುಂಬಿದ ರಾಜಧಾನಿಯ ಬೀದಿಗೆ ಇಳಿದ ಮೇಲೆಯೇ ಸಿನಿಮಾಕ್ಕೆ ಜೀವ ಬರುತ್ತದೆ. ಕಪ್ಪು ಎಣ್ಣೆ ಅಲೆಯಾಗಿ ಎದ್ದು ಬರುವ ದೃಶ್ಯ, ಆಮೇಲೆ ಚರಂಡಿಯ ಸುರಂಗದಲ್ಲಿ ಕಣ್ಣಿಲ್ಲದ ಪ್ರಾಣಿಗಳು ಬೆನ್ನು ಹತ್ತುವ ದೃಶ್ಯ, ಎರಡನ್ನೂ ಹೊಗಳಿದ್ದೆ. ಒಟ್ಟಿನಲ್ಲಿ ಉದ್ದ ಅಳೆದಿದ್ದೆ, ವೇಗ ಅಳೆದಿದ್ದೆ.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸಿನಿಮಾದ ಕತೆ ಏನು ಅಂತ ಕೇಳಿದಳು. ನಾನು ಮೊದಲಿಂದ ಹೇಳಿದೆ. ಪನೆಮ್ ಅಂತ ಒಂದು ದೇಶ. ದುಡಿಯೋದು ಹನ್ನೆರಡು ಜಿಲ್ಲೆ, ತಿನ್ನೋದು ರಾಜಧಾನಿ. ಜಿಲ್ಲೆಗಳು ಹಿಂದೊಮ್ಮೆ ದಂಗೆ ಎದ್ದಿದ್ದಕ್ಕೆ ಶಿಕ್ಷೆ ಅಂತ ಪ್ರತಿ ವರ್ಷ ಒಂದೊಂದು ಜಿಲ್ಲೆಯಿಂದ ಚೀಟಿ ಎತ್ತಿ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಆರಿಸಿ, ಅವರೆಲ್ಲ ಒಬ್ಬರನ್ನೊಬ್ಬರು ಕೊಲ್ಲೋದನ್ನು ಟಿವಿಯಲ್ಲಿ ತೋರಿಸುತ್ತಾರೆ. ಕಲ್ಲಿದ್ದಲು ತೆಗೆಯುವ ಹನ್ನೆರಡನೇ ಜಿಲ್ಲೆಯಲ್ಲಿ ಪುಟ್ಟ ಪ್ರಿಮ್ ಹೆಸರು ಬಂದಾಗ ಅಕ್ಕ ಕ್ಯಾಟ್ನಿಸ್ ‘ಅವಳ ಬದಲು ನಾನು ಹೋಗ್ತೀನಿ’ ಅಂತ ಮುಂದೆ ಬರುತ್ತಾಳೆ. ಅಲ್ಲಿಂದ ದಂಗೆ, ಯುದ್ಧ, ಅಧ್ಯಕ್ಷ ಸ್ನೋ, ದಂಗೆಯ ನಾಯಕಿ ಕಾಯಿನ್, ಯಾರು ಗೆದ್ದರು ಅಂತೆಲ್ಲ ಹೇಳುತ್ತಾ ಹೋದೆ.

ಅವ್ವ ನಡುವೆ ತಡೆದಳು. “ಅಲ್ಲಪಾ, ಆಕಿ ಹೋಗಿದ್ದು ತಂಗಿ ಸಲುವಾಗಿ ಅಲ್ಲೇನು? ಆ ತಂಗಿ ಉಳಿದ್ಲೇನು?”

“ಇಲ್ಲವ್ವಾ, ಸತ್ತಳು.”

ರೊಟ್ಟಿ ಬಡಿಯೋ ಕೈ ನಿಂತಿತು. “ಮತ್ತ ಇಷ್ಟೊತ್ತು ಅದನ್ನ ಹೇಳಲೇ ಇಲ್ಲಲ್ಲೋ!”

ನನ್ನ 400 ಪದದಲ್ಲೂ ಪ್ರಿಮ್ ಹೆಸರೇ ಇರಲಿಲ್ಲ.

ಅವತ್ತು ಮಧ್ಯಾಹ್ನ ಕೂತು 2012ರ ಮೊದಲ ಸಿನಿಮಾದ ಶುರುವಿನ ಭಾಗ ಮತ್ತೆ ನೋಡಿದೆ. ನೋಟ್‌ಬುಕ್ಕಿನ ಎಡ ಪುಟದಲ್ಲಿ ಅದರಲ್ಲಿ ಏನೇನು ಆಗುತ್ತದೆ ಅಂತ ಬರೆದುಕೊಂಡೆ. ಬಲ ಪುಟದಲ್ಲಿ ಕೊನೆಯ ಸಿನಿಮಾದ ಕೊನೆಯ ಭಾಗ. ಎಡಗಡೆ ತಂಗಿಯನ್ನು ಉಳಿಸೋಕೆ ಹೊರಟ ಹುಡುಗಿ, ಬಲಗಡೆ ಅದೇ ತಂಗಿ ಬೆಂಕಿಯಲ್ಲಿ. ಎಡಗಡೆ ಮಕ್ಕಳ ಹೆಸರಿನ ಚೀಟಿ ತುಂಬಿದ ಗಾಜಿನ ಬಟ್ಟಲು, ಬಲಗಡೆ ಗೆದ್ದ ಕಾಯಿನ್ ‘ಇನ್ನೊಂದೇ ಒಂದು ಸಲ ಆಟ ಆಡಿಸೋಣ, ಈ ಸಲ ರಾಜಧಾನಿಯ ಮಕ್ಕಳಿಂದ’ ಅಂತ ಮತಕ್ಕೆ ಹಾಕೋದು. ಆಗ ಕಾಣಿಸಿತು. ಸೋತ ಸ್ನೋನನ್ನು ಕೊಲ್ಲೋಕೆ ನಿಂತ ಕ್ಯಾಟ್ನಿಸ್ ಬಾಣ ಅವನ ಕಡೆಯಿಂದ ಕಾಯಿನ್ ಕಡೆಗೆ ತಿರುಗೋದು ಸುಮ್ನೆ ಬೆಚ್ಚಿಬೀಳಿಸೋಕೆ ಇಟ್ಟ ತಿರುವಲ್ಲ. ಆ ಚೀಟಿಯ ಬಟ್ಟಲನ್ನು ಇಬ್ಬರಲ್ಲಿ ಯಾರ ಕೈಗೂ ಕೊಡಲ್ಲ ಅಂತ ಅವಳು ಹೇಳುವ ರೀತಿ ಅದು. ಕ್ಯಾಟ್ನಿಸ್ ಆಗಿರುವ ಜೆನಿಫರ್ ಲಾರೆನ್ಸ್ ಅಲ್ಲಿ ಒಂದು ಮಾತೂ ಆಡಲ್ಲ, ಮುಖದಲ್ಲೇ ಎಲ್ಲ ಇದೆ. ನಾನು ಟಿಕೆಟ್ ತೆಗೆದುಕೊಂಡು ಕಣ್ಣಾರೆ ನೋಡಿದ್ದೆ, ಆದರೂ ರೈಲಿನಲ್ಲಿ ಬರೆಯುವಾಗ ಅದು ಹೊಳೆದಿರಲಿಲ್ಲ.

ಎರಡನೇ ಜಿಲ್ಲೆಯ ಗುಡ್ಡದ ದೃಶ್ಯಕ್ಕೂ ಆಗಲೇ ಅರ್ಥ ಬಂತು. ಗುಡ್ಡದ ಒಳಗೆ ಜನ ಇದ್ದಾರೆ. ಮೇಲಿಂದ ಬಾಂಬ್ ಹಾಕಿ ಗುಡ್ಡ ಕುಸಿಯುವಂತೆ ಮಾಡಿದರೆ ಎಲ್ಲರೂ ಒಳಗೇ ಹೂತುಹೋಗುತ್ತಾರೆ. ಯುದ್ಧ ಅಂದರೆ ಹಾಗೇ ಅನ್ನೋದು ದಂಗೆಯಲ್ಲಿ ಜೊತೆಗಿರುವ ಕ್ಯಾಟ್ನಿಸ್ ಗೆಳೆಯ ಗೇಲ್ ವಾದ. ಅವನೂ ಗಣಿ ಜಿಲ್ಲೆಯವನೇ, ಅವನ ಅಪ್ಪ, ಕ್ಯಾಟ್ನಿಸ್ ಅಪ್ಪ ಇಬ್ಬರೂ ಗಣಿ ಸ್ಫೋಟದಲ್ಲಿ ಸತ್ತವರು. ಮೊದಲು ಒಂದು ಬಾಂಬ್, ಗಾಯಗೊಂಡವರನ್ನು ಎತ್ತೋಕೆ ಜನ ಓಡಿಬಂದಾಗ ಇನ್ನೊಂದು, ಈ ಲೆಕ್ಕಾಚಾರವೂ ಅವನು ಕೂತು ಮಾಡಿದ್ದೇ. ಕೊನೆಗೆ ಗಾಯದ ಮಕ್ಕಳ ಹತ್ತಿರ ಓಡಿಬಂದ ಪ್ರಿಮ್ ಸಾಯೋದು ಅಂಥದ್ದೇ ಎರಡನೇ ಬಾಂಬಿಗೆ. ನಾನು ‘ಬರೀ ಮಾತು’ ಅಂತ ಬರೆದಿದ್ದ ಮೊದಲ ಗಂಟೆಯಲ್ಲೇ ಇಷ್ಟೆಲ್ಲ ಇತ್ತು. ಆ ಸಾಲು ಹೊಡೆದು ಹಾಕಿದೆ.

ಇನ್ನೊಂದು ಸಾಲು ಅಚ್ಚಾಗಿದ್ದರೆ ಇವತ್ತಿಗೂ ಬೇಜಾರಾಗುತ್ತಿತ್ತು. ಕೊನೆಯಲ್ಲಿ ದಂಗೆಯ ತಂತ್ರಗಾರ ಪ್ಲೂಟಾರ್ಕ್ ತಾನೇ ಬಂದು ಮಾತಾಡಲ್ಲ, ಅವನು ಬರೆದ ಪತ್ರವನ್ನು ಕ್ಯಾಟ್ನಿಸ್‌ಗೆ ಆಟ ಕಲಿಸಿದ ಹೇಮಿಚ್ ಓದುತ್ತಾನೆ. ‘ನಿರ್ದೇಶಕರ ಸೋಮಾರಿತನ’ ಅಂತ ಬರೆದಿದ್ದೆ. ಪ್ಲೂಟಾರ್ಕ್ ಪಾತ್ರಧಾರಿಯ ಹೆಸರಿನ ಕಾಗುಣಿತ ಸರಿ ಇದೆಯಾ ಅಂತ ಹುಡುಕುವಾಗ ತಿಳಿಯಿತು, ಫಿಲಿಪ್ ಸೀಮೋರ್ ಹಾಫ್‌ಮನ್ 2014ರ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು, ಅವರ ಚಿತ್ರೀಕರಣ ಇನ್ನೂ ಸ್ವಲ್ಪ ಬಾಕಿ ಇತ್ತು. ಕಂಪ್ಯೂಟರಿನಲ್ಲಿ ಅವರ ಮುಖ ಮಾಡಿ ಮಾತಾಡಿಸುವ ಬದಲು ನಿರ್ದೇಶಕ ಫ್ರಾನ್ಸಿಸ್ ಲಾರೆನ್ಸ್ ಪತ್ರದ ದಾರಿ ಹಿಡಿದರು. ಅದು ತೀರಿಹೋದ ನಟನಿಗೆ ತೋರಿಸಿದ ಗೌರವ. ಅವತ್ತಿನಿಂದ ‘ಸೋಮಾರಿತನ’ ಥರದ ಪದ ಬರೆಯುವ ಮೊದಲು ಕಾರಣ ಹುಡುಕುತ್ತೇನೆ.

ಕೊನೆಯನ್ನು ಹೇಳಬೇಕಾ ಬೇಡವಾ? ಪ್ರಿಮ್ ಸಾವು ಹೇಳದೆ ಈ ಸಿನಿಮಾದ ಬಗ್ಗೆ ಏನೂ ಹೇಳೋಕೆ ಆಗಲ್ಲ. ಆದರೆ ಸಂಡೂರು, ಸಿರುಗುಪ್ಪದ ಹುಡುಗರಿಗೆ ಸಿನಿಮಾ ಸಿಗೋದು ಎಷ್ಟೋ ದಿನ ಆದಮೇಲೆ. ಅದಕ್ಕೆ ವಿಮರ್ಶೆಯನ್ನು ಅವ್ವನ ಪ್ರಶ್ನೆಯಿಂದಲೇ ಶುರು ಮಾಡಿದೆ, ಉತ್ತರ ಬರೆಯಲಿಲ್ಲ. ‘ಈ ಪ್ರಶ್ನೆ ಮನಸ್ಸಲ್ಲಿ ಇಟ್ಟುಕೊಂಡು ನೋಡಿ’ ಅಂದೆ. ಸ್ಟಾರ್ ಕೊಡಿ ಅಂತ ಸಂಪಾದಕರು ಕೇಳಿದರು. “ಬೇಡ ಸರ್, ಈ ಸಲ ಬಿಡಿ” ಅಂದೆ, ಒಪ್ಪಿದರು.

‘ನಮ್ಮ ಬಳ್ಳಾರಿಯೇ ಹನ್ನೆರಡನೇ ಜಿಲ್ಲೆ’ ಅಂತ ಒಂದು ಸಾಲು ಬರೆದು ಅಳಿಸಿದೆ. ಬರೆಯುವ ಆಸೆ ಜಾಸ್ತಿಯೇ ಇತ್ತು. ಮರದ ಎಲೆಯಿಂದ ಒಗೆದ ಬಟ್ಟೆವರೆಗೆ ಅದಿರಿನ ಕೆಂಪು ಧೂಳು ಕೂತಿದ್ದನ್ನು ನೋಡಿ ಬೆಳೆದವನು ನಾನು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಓಡಿಸುತ್ತಿದ್ದ ನಮ್ಮ ಮಾವ ತಿಂಗಳುಗಟ್ಟಲೆ ಮನೆಯಲ್ಲೇ ಕೂತಿದ್ದರು. ಆದರೆ ನಮ್ಮಲ್ಲಿ ಯಾರೂ ಮಕ್ಕಳ ಹೆಸರಿನ ಚೀಟಿ ಎತ್ತಿಲ್ಲ, ಅಲ್ವಾ? ಹಾಗೆ ಬರೆದರೆ ಅವರ ಕತೆಗೂ ನಮ್ಮ ಜನರ ಕಷ್ಟಕ್ಕೂ ಅನ್ಯಾಯ. ‘ಗುಡ್ಡ ಕುಸಿಯುವ ದೃಶ್ಯವನ್ನು ಗಣಿ ಊರಿನವರು ಬೇರೆಯೇ ಕಣ್ಣಿಂದ ನೋಡುತ್ತಾರೆ’ ಅನ್ನೋ ಒಂದು ಸಾಲು ಮಾತ್ರ ಉಳಿಸಿಕೊಂಡೆ.

ತಕರಾರುಗಳನ್ನೂ ಬಿಡಲಿಲ್ಲ. ಕ್ಯಾಟ್ನಿಸ್ ಜೊತೆಗಾರ ಫಿನ್ನಿಕ್ ಸತ್ತಾಗ ಅಳೋಕೂ ಸಮಯ ಕೊಡದೆ ಕತೆ ಓಡುತ್ತದೆ. ಇನ್ನೊಬ್ಬ ಜೊತೆಗಾರ್ತಿ ಜೊಹಾನಾ ಪಾತ್ರ ತೀರಾ ಕಡಿಮೆ. ಕೊನೆಯ ಹುಲ್ಲುಗಾವಲಿನ ದೃಶ್ಯದ ಬಿಸಿಲು ನನಗೆ ಸ್ವಲ್ಪ ಜಾಸ್ತಿಯೇ ಚೆಂದ ಅನಿಸಿತು.

ಭಾನುವಾರ ಅವ್ವನಿಗೆ ಪೂರ್ತಿ ಓದಿ ಹೇಳಿದೆ. ತನ್ನ ಪ್ರಶ್ನೆ ಅಚ್ಚಾಗಿದ್ದಕ್ಕೆ ಖುಷಿಪಟ್ಟಳು. ಆಮೇಲೆ ಕೇಳಿದಳು, “ಅಲ್ಲಾ, ತಂಗಿ ಸತ್ತದ್ದಕ್ಕ ಆ ಅಕ್ಕ ಅತ್ಲೇನು?”

ಅತ್ತಳು. ಯುದ್ಧ ಮುಗಿದು ಊರಿಗೆ ಬಂದಮೇಲೆ, ಪ್ರಿಮ್ ಸಾಕಿದ ಬೆಕ್ಕು ಮನೆ ಹುಡುಕಿಕೊಂಡು ಬರುತ್ತದೆ. ‘ಅವಳಿಲ್ಲ, ಹೋಗು’ ಅಂತ ಕ್ಯಾಟ್ನಿಸ್ ಅದರ ಮೇಲೆ ಕೂಗಾಡಿ, ಕೈಗೆ ಸಿಕ್ಕಿದ್ದನ್ನು ಎಸೆದು, ಆಮೇಲೆ ಅದನ್ನೇ ತಬ್ಬಿಕೊಂಡು ಅಳುತ್ತಾಳೆ. ಇಡೀ ಸಿನಿಮಾದಲ್ಲಿ ನನ್ನ ಗಂಟಲು ಕಟ್ಟಿದ್ದು ಆ ದೃಶ್ಯದಲ್ಲಿ. ಜಾಗ ಸಾಲದೆ ಅದನ್ನೇ ಬಿಟ್ಟಿದ್ದೆ. ಅವ್ವನಿಗೆ ಬಾಯಲ್ಲಿ ಹೇಳಿದೆ.

“ಬೆಕ್ಕು ಅಷ್ಟು ದೂರ ನಡಕೊಂಡು ಬಂತೇನು?” ಅಂದಳು.

“ಹೂಂ ಅವ್ವಾ, ನಡಕೊಂಡೇ ಬಂತು.”