ಶಿನ್ ಫೇನ್‌ಗೆ ಎಷ್ಟನೇ ನಂಬರ್? ಡಬ್ಲಿನ್‌ನಲ್ಲಿ ಓಟು ಎಣಿಸಿ ನಾನು ಕಂಡಿದ್ದು

ಡಬ್ಲಿನ್‌ಗೆ ಹೊಸದಾಗಿ ಬರುವ ನಮ್ಮ ಕಡೆಯವರು ಎರಡು ಪ್ರಶ್ನೆ ಕೇಳೇ ಕೇಳುತ್ತಾರೆ. ಬಾಡಿಗೆಗೆ ಮನೆ ಎಲ್ಲಿ ಸಿಗುತ್ತೆ? ಆಮೇಲೆ ಸ್ವಲ್ಪ ದಿನ ಇಲ್ಲಿನ ಟೀವಿ ನೋಡಿದ ಮೇಲೆ, ಈ ಶಿನ್ ಫೇನ್ ಅಂದ್ರೆ ಐಆರ್‌ಎ ಪಾರ್ಟಿನೇ ಅಲ್ವಾ, ಅದಕ್ಕೆ ಜನ ಹೇಗೆ ಓಟು ಹಾಕ್ತಾರೆ? ಮೊದಲನೆಯದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಎರಡನೆಯದರ ಬಗ್ಗೆ ಒಂದಿಷ್ಟು ಹೇಳಬಲ್ಲೆ. ಯಾಕಂದ್ರೆ ಇಲ್ಲಿ ನಾನು ಬಾಗಿಲು ತಟ್ಟಿ ಓಟು ಕೇಳಿದ್ದೇನೆ, ಎಣಿಕೆ ಕೇಂದ್ರದಲ್ಲಿ ಕಟಕಟೆಗೆ ಒರಗಿ ಗೀಟು ಹಾಕಿದ್ದೇನೆ. ಕೊನೆಗೆ ಪೌರತ್ವ ಸಿಕ್ಕಿ ನನ್ನ ಓಟು ಎಲ್ಲಿಗೆ ಅಂತ ನಾನೇ ತೀರ್ಮಾನ ಮಾಡಬೇಕಾಗಿ ಬಂತು.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಬ್ರಿಟನ್ ಕೈಯಲ್ಲೇ ಉಳಿದ ಉತ್ತರ ಐರ್ಲೆಂಡ್‌ನಲ್ಲಿ 1960ರ ದಶಕದ ಕೊನೆಯಿಂದ 1998ರವರೆಗೆ ನಡೆದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಹೆಚ್ಚುಕಮ್ಮಿ ಅರ್ಧ, ಅಂದ್ರೆ 1,700ರ ಆಸುಪಾಸು, ಉತ್ತರವನ್ನು ಬ್ರಿಟನ್‌ನಿಂದ ಬಿಡಿಸಿ ಐರ್ಲೆಂಡ್‌ಗೆ ಸೇರಿಸಲು ಶಸ್ತ್ರ ಹಿಡಿದ ಪ್ರಾವಿಷನಲ್ ಐಆರ್‌ಎ ಕೈಯಿಂದ. ಉಳಿದವರಲ್ಲಿ ಬಹುತೇಕರನ್ನು ಕೊಂದಿದ್ದು ಬ್ರಿಟನ್ ಪರ ಇದ್ದ ಲಾಯಲಿಸ್ಟ್ ಗುಂಪುಗಳು ಮತ್ತು ಬ್ರಿಟಿಷ್ ಸೇನೆ. ಐಆರ್‌ಎ ಪರವಾಗಿ ರಾಜಕೀಯದಲ್ಲಿ ಮಾತಾಡುತ್ತಿದ್ದ ಪಕ್ಷ ಶಿನ್ ಫೇನ್. 1983ರಿಂದ 2018ರವರೆಗೆ ಅದರ ಅಧ್ಯಕ್ಷರಾಗಿದ್ದ ಗೆರ್ರಿ ಆಡಮ್ಸ್, ತಾವು ಐಆರ್‌ಎ ಸದಸ್ಯರಾಗಿರಲೇ ಇಲ್ಲ ಎಂದು ಈಗಲೂ ಹೇಳುತ್ತಾರೆ. ಅವರ ಜೊತೆಗಾರ ಮಾರ್ಟಿನ್ ಮೆಕ್‌ಗಿನ್ನೆಸ್ ಮಾತ್ರ 1972ರಲ್ಲಿ ಡೆರ್ರಿ ಊರಿನ ಐಆರ್‌ಎಯಲ್ಲಿ ಎರಡನೇ ಸ್ಥಾನದಲ್ಲಿದ್ದೆ ಎಂದು ಒಪ್ಪಿಕೊಂಡರು. ಅದೇ ಮನುಷ್ಯ 2007ರಿಂದ ಸುಮಾರು ಹತ್ತು ವರ್ಷ ಉತ್ತರ ಐರ್ಲೆಂಡ್‌ನ ಉಪ ಪ್ರಥಮ ಸಚಿವರಾಗಿದ್ದರು. 2012ರಲ್ಲಿ ರಾಣಿ ಎಲಿಜಬೆತ್ ಅವರ ಕೈ ಕುಲುಕಿದರು. ರಾಣಿಯ ಬಂಧು ಮೌಂಟ್‌ಬ್ಯಾಟನ್ ಅವರನ್ನು 1979ರಲ್ಲಿ ದೋಣಿಗೆ ಬಾಂಬ್ ಇಟ್ಟು ಕೊಂದಿದ್ದು ಐಆರ್‌ಎ. ನಮ್ಮ ಕೊನೆಯ ವೈಸರಾಯ್, ಅವರೇ.

ಇನ್ನು ನಾನು ಇದರೊಳಗೆ ಬಂದ ಕಥೆ. ಐರ್ಲೆಂಡ್‌ನಲ್ಲಿ ಸ್ಥಳೀಯ ಚುನಾವಣೆಗೆ ಓಟು ಹಾಕಲು ಪೌರತ್ವ ಬೇಡ. ಇಲ್ಲಿ ವಾಸವಿದ್ದು 18 ತುಂಬಿದ್ದರೆ ಸಾಕು. ಎಷ್ಟೋ ಕನ್ನಡಿಗರಿಗೆ ಇದು ಗೊತ್ತೇ ಇಲ್ಲ. 2019ರಲ್ಲಿ ನಮ್ಮ ಬಡಾವಣೆಯ ಒಬ್ಬ ಪಕ್ಷೇತರ ಅಭ್ಯರ್ಥಿ ಬಸ್ ವಿಷಯದಲ್ಲಿ ನಮಗೆಲ್ಲ ಓಡಾಡಿ ಕೆಲಸ ಮಾಡಿಕೊಟ್ಟಿದ್ದರು. ಋಣ ತೀರಿಸೋಣ ಅಂತ ಕರಪತ್ರ ಹಂಚಲು ಹೋದೆ. ಅಲ್ಲಿಂದ ಬಾಗಿಲು ತಟ್ಟೋದು, ಆಮೇಲೆ ಟ್ಯಾಲಿ.

ಟ್ಯಾಲಿ ಅಂದ್ರೆ ಏನು ಅಂತ ಹೇಳಲೇಬೇಕು. ಇಲ್ಲಿ ಒಂದೇ ಗುರುತಿಗೆ ಒತ್ತಿ ಬರುವುದಿಲ್ಲ. ಹೆಸರುಗಳ ಮುಂದೆ 1, 2, 3 ಎಂದು ಬರೆಯಬೇಕು. ನಮ್ಮಲ್ಲಿ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಹಾಕುತ್ತೇವಲ್ಲ, ಪ್ರಾಶಸ್ತ್ಯದ ಮತ, ಹಾಗೆ. ಶಿವಮೊಗ್ಗದಲ್ಲಿ ನಮ್ಮಪ್ಪ ನೈರುತ್ಯ ಪದವೀಧರ ಕ್ಷೇತ್ರಕ್ಕೆ ಓಟು ಹಾಕಿ ಬಂದು 'ಒಂದು ಹಾಕಿ ಬಿಟ್ಟೆ, ಎರಡು ಯಾರಿಗೆ ಅಂತ ತಲೆ ಕೆಡಿಸಿಕೊಳ್ಳಲಿಲ್ಲ' ಅನ್ನುತ್ತಿದ್ದರು. ಇಲ್ಲಿ ತಲೆ ಕೆಡಿಸಿಕೊಳ್ಳಬೇಕಾದ್ದೇ ಆ ಎರಡು, ಮೂರರ ಬಗ್ಗೆ. ಸಂಸತ್ ಚುನಾವಣೆಯಲ್ಲಿ ಒಂದು ಕ್ಷೇತ್ರಕ್ಕೆ ಮೂರರಿಂದ ಐದು ಸೀಟು. ಕೊನೆಯ ಸೀಟು ಹೆಚ್ಚಾಗಿ ವರ್ಗಾವಣೆಯಾಗಿ, ಅಂದ್ರೆ ಗೆದ್ದವರ ಹೆಚ್ಚುವರಿ ಓಟು ಅಥವಾ ಹೊರಬಿದ್ದವರ ಓಟು ಮುಂದಿನ ನಂಬರಿನವರಿಗೆ ಹೋಗಿ, ಬರುವ ಓಟಿನ ಮೇಲೆ ನಿಂತಿರುತ್ತದೆ.

ಎಣಿಕೆಯ ದಿನ ಬೆಳಿಗ್ಗೆ ಸಿಬ್ಬಂದಿ ಒಂದೊಂದೇ ಪೆಟ್ಟಿಗೆ ಸುರಿದು ಮತಪತ್ರ ಬಿಡಿಸುತ್ತಾರೆ. ಕಟಕಟೆಯ ಈಚೆ ಎಲ್ಲ ಪಕ್ಷಗಳ ಕಾರ್ಯಕರ್ತರು ಹಲಗೆ, ಪೆನ್ಸಿಲ್ ಹಿಡಿದು ಒತ್ತಾಗಿ ನಿಂತಿರುತ್ತಾರೆ. ಪತ್ರ ತೆರೆದುಕೊಂಡ ಆ ಒಂದು ಕ್ಷಣದಲ್ಲಿ 1 ಯಾರಿಗೆ ಬಿದ್ದಿದೆ ನೋಡಿ ಗೀಟು ಹಾಕಬೇಕು. ನಾಲ್ಕು ಗೀಟು, ಐದನೆಯದು ಅಡ್ಡ. ಯಾವ ಪೆಟ್ಟಿಗೆ ಯಾವ ಶಾಲೆಯ ಮತಗಟ್ಟೆಯದು ಎಂದು ಗೊತ್ತಿರುವುದರಿಂದ, ಮಧ್ಯಾಹ್ನದೊಳಗೆ ಯಾವ ಬೀದಿ ಯಾರ ಕಡೆ ಅಂತ ಲೆಕ್ಕ ಸಿಕ್ಕಿಬಿಡುತ್ತದೆ. ಹೊರಗೆ ಕಚ್ಚಾಡುವ ಪಕ್ಷದವರೆಲ್ಲ ಇಲ್ಲಿ ಲೆಕ್ಕ ಹಂಚಿಕೊಳ್ಳುತ್ತಾರೆ. ಸ್ಯಾಂಡ್‌ವಿಚ್ ಕೂಡ.

ನಾನು ಹೊಸಬ. ಕಣ್ಣು ಬೇಗ ಓಡುತ್ತಿರಲಿಲ್ಲ. ಪಕ್ಕದಲ್ಲಿದ್ದ ಬೇರೆ ಪಕ್ಷದ ಹಿರಿಯರೊಬ್ಬರು ಒಂದು ಮಾತು ಹೇಳಿದರು: '1 ಯಾರು ಬೇಕಾದರೂ ತಗೋತಾರೆ. ಶಿನ್ ಫೇನ್ ಹೆಸರಿನ ಮುಂದಿನ ಚೌಕ ನೋಡು. ಖಾಲಿ ಇದೆಯಾ, ನಂಬರ್ ಇದೆಯಾ?' ನೋಡಿದೆ. ಆ ವರ್ಷ ಹಲವು ಪತ್ರಗಳಲ್ಲಿ 1ರಿಂದ 8, 9ರವರೆಗೂ ಶ್ರದ್ಧೆಯಿಂದ ಬರೆದಿದ್ದರು. ಒಂದೇ ಒಂದು ಸಾಲು ಖಾಲಿ. ಯಾರೋ ಹೆಸರೇ ಕೇಳದ ಪಕ್ಷೇತರನಿಗೆ 7 ಸಿಕ್ಕಿತ್ತು, ಶಿನ್ ಫೇನ್‌ಗೆ ಏನೂ ಇಲ್ಲ. ಮರೆತು ಬಿಟ್ಟಿದ್ದಲ್ಲ ಅದು. ಅವತ್ತಿನಿಂದ ಗೀಟಿನ ಹಾಳೆಯ ಅಂಚಿನಲ್ಲಿ, ಪುರುಸೊತ್ತು ಸಿಕ್ಕಾಗಲೆಲ್ಲ, ಈ ಖಾಲಿ ಚೌಕಗಳಿಗೂ ಒಂದು ಚುಕ್ಕಿ ಇಡುವ ಅಭ್ಯಾಸ ಮಾಡಿಕೊಂಡೆ. ಇದು ಶಾಸ್ತ್ರೀಯ ಸಮೀಕ್ಷೆಯೇನಲ್ಲ. ನನ್ನ ಮಟ್ಟಿಗೆ ಮಾತ್ರ ಪಕ್ಷದ ಮೇಲಿನ ನಂಬಿಕೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ್ದು ಬೇರೆ ಯಾವುದೂ ಇಲ್ಲ. ಮೊದಲ ಪ್ರಾಶಸ್ತ್ಯ ಸಿಟ್ಟಿನಿಂದಲೂ ಬರುತ್ತದೆ. ಐದನೇ ಪ್ರಾಶಸ್ತ್ಯ ಸಿಟ್ಟಿನಿಂದ ಬರುವುದಿಲ್ಲ. 'ಇವರು ಗೆದ್ದರೂ ಪರವಾಗಿಲ್ಲ, ದೇಶ ಮುಳುಗಲ್ಲ' ಅನ್ನುವವರು ಬರೆಯುವ ನಂಬರ್ ಅದು.

2019ರ ಮೇ ತಿಂಗಳಲ್ಲಿ ಶಿನ್ ಫೇನ್‌ನ ಕೌನ್ಸಿಲರ್‌ಗಳ ಸಂಖ್ಯೆ 159ರಿಂದ 81ಕ್ಕೆ ಇಳಿಯಿತು. ಮುಗೀತು ಕಥೆ ಅಂದರು. ಒಂಬತ್ತೇ ತಿಂಗಳಲ್ಲಿ, 2020ರ ಫೆಬ್ರುವರಿ 8ರ ಸಂಸತ್ ಚುನಾವಣೆಯಲ್ಲಿ, ಅದೇ ಪಕ್ಷಕ್ಕೆ ಶೇ 24.5 ಓಟು, ಎಲ್ಲರಿಗಿಂತ ಜಾಸ್ತಿ. ತಮಗೇ ನಂಬಿಕೆ ಇಲ್ಲದೆ 42 ಅಭ್ಯರ್ಥಿಗಳನ್ನಷ್ಟೇ ನಿಲ್ಲಿಸಿದ್ದರು, 37 ಜನ ಗೆದ್ದರು. ಹೆಚ್ಚಿಗೆ ಬಿದ್ದ ಓಟು ವರ್ಗಾವಣೆಯಾಗಿ ಬೇರೆ ಎಡ ಪಕ್ಷದವರೂ ಆರಿಸಿ ಬಂದರು.

ಆ ಚುನಾವಣೆಯಲ್ಲಿ ನನಗೆ ಓಟಿರಲಿಲ್ಲ. ಬಾಗಿಲು ತಟ್ಟಲು ಯಾರೂ ಪಾಸ್‌ಪೋರ್ಟ್ ಕೇಳಲ್ಲ, ಹಾಗಾಗಿ ಹೋದೆ. ಮೂವತ್ತರ ಒಳಗಿನವರ ಬಾಗಿಲಲ್ಲಿ ಬಾಡಿಗೆ ಬಿಟ್ಟು ಬೇರೆ ಮಾತಿಲ್ಲ. ಐಆರ್‌ಎ ಬಗ್ಗೆ ಕೆದಕಿದರೆ 'ಅದು ನಾನು ಹುಟ್ಟೋಕೆ ಮುಂಚೆ' ಅನ್ನುತ್ತಿದ್ದರು. ಐಆರ್‌ಎ ಕದನವಿರಾಮ ಸಾರಿದ್ದು 1994ರ ಆಗಸ್ಟ್ 31ರಂದು, ಶಾಂತಿಗೆ ದಾರಿ ಮಾಡಿದ ಶುಭ ಶುಕ್ರವಾರದ ಒಪ್ಪಂದ 1998ರ ಏಪ್ರಿಲ್ 10ರಂದು. ಅವರಲ್ಲಿ ಹಲವರ ಮಟ್ಟಿಗೆ ಆ ಮಾತು ಹೆಚ್ಚುಕಮ್ಮಿ ನಿಜವೇ.

ಅರವತ್ತು ದಾಟಿದವರ ಬಾಗಿಲು ಬೇರೆ ತರಹ. ಲಿಮರಿಕ್ ಕಡೆಯಿಂದ ಬಂದು ನೆಲೆಸಿದ ಒಬ್ಬ ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಒಂದು ಹೆಸರು ಹೇಳಿದರು: ಜೆರ್ರಿ ಮೆಕೇಬ್. 1996ರ ಜೂನ್‌ನಲ್ಲಿ ಅಡೇರ್ ಊರಿನಲ್ಲಿ ಅಂಚೆ ಹಣದ ವ್ಯಾನ್‌ಗೆ ಕಾವಲಿದ್ದ ಪೊಲೀಸ್ ಪತ್ತೇದಾರ. ಐಆರ್‌ಎಯವರು ಗುಂಡಿಟ್ಟು ಕೊಂದರು. ಅಪರಾಧಿಗಳಲ್ಲಿ ಇಬ್ಬರು 2009ರಲ್ಲಿ ಜೈಲಿಂದ ಹೊರಬಂದಾಗ ಕರೆದುಕೊಂಡು ಬರಲು ಹೋಗಿದ್ದು ಶಿನ್ ಫೇನ್‌ನ ಒಬ್ಬ ಸಂಸದ. 'ಕೊಲೆ ಆಗಿದ್ದಕ್ಕಿಂತ ಆ ಕಾರು ನನಗೆ ಜಾಸ್ತಿ ನೆನಪಿದೆ' ಅಂದರು ಅಜ್ಜಿ. ಈ ವಯಸ್ಸಿನವರಿಗೆ ಇನ್ನೊಂದು ವಿಷಯವೂ ಇದೆ. 1994ರ ಜನವರಿಯವರೆಗೆ ಶಿನ್ ಫೇನ್‌ನವರ ದನಿಯನ್ನು ಇಲ್ಲಿನ ರೇಡಿಯೊ, ಟೀವಿಯಲ್ಲಿ ಪ್ರಸಾರ ಮಾಡುವಂತಿರಲಿಲ್ಲ. ಅಂದ್ರೆ ಅರ್ಧ ಆಯಸ್ಸು ಆ ಪಕ್ಷದ ಬಗ್ಗೆ ಕೇಳಿದವರು, ಪಕ್ಷದವರ ಬಾಯಿಂದ ಕೇಳಿದವರಲ್ಲ.

2024ರ ನವೆಂಬರ್ 29ಕ್ಕೆ ಸಂಸತ್ ಚುನಾವಣೆ ಬಂತು. ಅಷ್ಟರಲ್ಲಿ ಕಿಲಾರ್ನಿಯಲ್ಲಿ ಪ್ರಮಾಣ ಮಾಡಿ ಪೌರತ್ವ ಪಡೆದಿದ್ದೆ. ಬೇರೆಯವರ ಖಾಲಿ ಚೌಕ ಎಣಿಸಿದ್ದು ಸಾಕು, ನನ್ನದು ಏನು?

ಮೊದಲು ಮಾಡಿದ್ದು, ಸತ್ತವರ ಪಟ್ಟಿ ಓದಿದ್ದು. ಅಲ್ಸ್ಟರ್ ವಿಶ್ವವಿದ್ಯಾಲಯದ ಕೇನ್ ಎಂಬ ಸಂಗ್ರಹದಲ್ಲಿ ಇದು ಎಲ್ಲರಿಗೂ ಸಿಗುತ್ತದೆ. ತಾರೀಕು, ಹೆಸರು, ವಯಸ್ಸು, ಯಾರು ಕೊಂದರು. ಜೀನ್ ಮೆಕಾನ್‌ವಿಲ್, ಹತ್ತು ಮಕ್ಕಳ ತಾಯಿ. 1972ರ ಡಿಸೆಂಬರ್‌ನಲ್ಲಿ ಬೆಲ್‌ಫಾಸ್ಟ್‌ನ ಮನೆಯಿಂದ ಎಳೆದೊಯ್ದರು, ದೇಹ ಸಿಕ್ಕಿದ್ದು 2003ರಲ್ಲಿ, ಲೌತ್ ಜಿಲ್ಲೆಯ ಒಂದು ಕಡಲ ತೀರದಲ್ಲಿ. ಅದೇ ಪಟ್ಟಿಯಲ್ಲಿ ಡೆರ್ರಿಯಲ್ಲಿ ಬ್ರಿಟಿಷ್ ಸೈನಿಕರು 1972ರ ಜನವರಿ 30ರಂದು ಗುಂಡಿಟ್ಟ ನಿರಾಯುಧ ಜನರೂ ಇದ್ದಾರೆ, 1974ರ ಮೇ 17ರಂದು ನಮ್ಮ ಡಬ್ಲಿನ್‌ನ ಬೀದಿಗಳಲ್ಲಿ ಲಾಯಲಿಸ್ಟರ ಬಾಂಬಿಗೆ ಸತ್ತವರೂ ಇದ್ದಾರೆ. ಓದಿದ ಮೇಲೆ ಒಂದು ನಿಯಮ ಹಾಕಿಕೊಂಡೆ. ಸತ್ತವರನ್ನು ಎದುರಾಬದುರು ತೂಗಿ ಯಾರಿಗೂ ಓಟು ಕೊಡುವುದಿಲ್ಲ. ಆ ಲೆಕ್ಕಕ್ಕೆ ಕೂತರೆ ಮುಗಿಯುವುದೇ ಇಲ್ಲ.

'ಉಳಿದ ಪಕ್ಷಗಳೂ ಬಂದೂಕಿನಿಂದಲೇ ಹುಟ್ಟಿದ್ದು' ಎನ್ನುವ ವಾದ ಇಲ್ಲಿ ಜೋರು. ಸುಳ್ಳಲ್ಲ. ಇಲ್ಲಿನ ಹಳೆಯ ದೊಡ್ಡ ಪಕ್ಷಗಳಾದ ಫಿಯಾನಾ ಫಾಯಿಲ್ ಮತ್ತು ಫೀನ ಗೇಲ್ ಎರಡೂ 1922–23ರ ಅಂತರ್ಯುದ್ಧದ ಎರಡು ಬಣಗಳಿಂದ ಬಂದವು. ಯುದ್ಧದಲ್ಲಿ ಸೋತ ಬಣದ ನಾಯಕ ಡಿ ವಲೇರಾ 1926ರಲ್ಲಿ ಫಿಯಾನಾ ಫಾಯಿಲ್ ಕಟ್ಟಿ 1932ರಲ್ಲಿ ಸರ್ಕಾರವನ್ನೇ ಮಾಡಿದರು. ಗೆದ್ದ ಬಣದವರು ಶಾಂತಿಯಿಂದ ಅಧಿಕಾರ ಬಿಟ್ಟುಕೊಟ್ಟರು. ಆದರೆ ಈ ವಾದ ನನ್ನನ್ನು ಅರ್ಧ ದಾರಿಗೆ ಮಾತ್ರ ತಂದಿತು. ಡಿ ವಲೇರಾ ಕಾಲದ ಸಂತ್ರಸ್ತರು ಈಗ ಬದುಕಿಲ್ಲ. ಮೆಕಾನ್‌ವಿಲ್ ಮಕ್ಕಳು ಮಾತಾಡುತ್ತಿದ್ದಾರೆ.

ಬಂದೂಕು ನಿಜವಾಗಿ ಕೆಳಗಿಟ್ಟರಾ? 2005ರ ಜುಲೈನಲ್ಲಿ ಐಆರ್‌ಎ ಸಶಸ್ತ್ರ ಹೋರಾಟ ಮುಗಿಸಿತು. ಸೆಪ್ಟೆಂಬರ್‌ನಲ್ಲಿ ಕೆನಡಾದ ಜನರಲ್ ಜಾನ್ ಡಿ ಶಾಸ್ಟೆಲೇನ್ ಅವರ ಆಯೋಗ, ಶಸ್ತ್ರಗಳನ್ನು ನಿರುಪಯುಕ್ತ ಮಾಡಲಾಗಿದೆ ಎಂದು ದೃಢಪಡಿಸಿತು. 2007ರಲ್ಲಿ ಉತ್ತರದ ಪೊಲೀಸ್ ವ್ಯವಸ್ಥೆಯನ್ನು ಪಕ್ಷ ಒಪ್ಪಿಕೊಂಡಿತು. ಈ ಭಾಗದಲ್ಲಿ ನನಗೆ ಅನುಮಾನ ಇಲ್ಲ. 2015ರ ಬ್ರಿಟಿಷ್ ಸರ್ಕಾರಿ ವರದಿ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಐಆರ್‌ಎಯ ಮೇಲ್ಮಂಡಳಿ ಇನ್ನೂ ಇದೆ, ಅದರ ಗಮನ ಪೂರ್ತಿ ರಾಜಕೀಯದ ಮೇಲೆ, ಪಕ್ಷವೂ ತಮ್ಮ ಮಂಡಳಿಯ ಸುಪರ್ದಿನಲ್ಲೇ ಇದೆ ಎಂದು ಐಆರ್‌ಎ ಸದಸ್ಯರು ನಂಬುತ್ತಾರೆ ಎಂದಿತು ಆ ವರದಿ. 2020ರಲ್ಲಿ ಐರಿಷ್ ಪೊಲೀಸ್ ಮುಖ್ಯಸ್ಥರೂ ಆ ಅಭಿಪ್ರಾಯವನ್ನು ಒಪ್ಪಿದರು. ಪಕ್ಷ ಬಲವಾಗಿ ಅಲ್ಲಗಳೆಯುತ್ತದೆ.

ಕೊನೆಗೆ ನನಗೆ ದಾರಿ ತೋರಿಸಿದ್ದು ವರದಿಯಲ್ಲ, ಪಕ್ಷದವರು ಈಗ ಹೇಗೆ ಮಾತಾಡುತ್ತಾರೆ ಅನ್ನೋದು. 21 ವರ್ಷದ ಪಾಲ್ ಕ್ವಿನ್ ಎಂಬ ಹುಡುಗನನ್ನು 2007ರಲ್ಲಿ ಗಡಿ ಹತ್ತಿರ ಬಡಿದು ಕೊಂದರು. ಆತ ಅಪರಾಧದಲ್ಲಿ ತೊಡಗಿದ್ದ ಎಂಬರ್ಥದ ಮಾತನ್ನು ಶಿನ್ ಫೇನ್‌ನ ಕಾನರ್ ಮರ್ಫಿ ಆಗ ಆಡಿದ್ದರು. ಅದನ್ನು ಹಿಂತೆಗೆದುಕೊಂಡು ಕ್ಷಮೆ ಕೇಳಿದ್ದು 2020ರ ಫೆಬ್ರುವರಿಯಲ್ಲಿ, ಚುನಾವಣೆಗೆ ದಿನಗಳಿದ್ದಾಗ, ಟೀವಿ ಚರ್ಚೆಯಲ್ಲಿ, ಆಡಮ್ಸ್ ನಂತರ ಪಕ್ಷದ ಅಧ್ಯಕ್ಷೆಯಾದ ಮೇರಿ ಲೂ ಮೆಕ್‌ಡೊನಾಲ್ಡ್ ತಡವರಿಸಿದ ಮೇಲೆ. 2022ರಲ್ಲಿ ಉತ್ತರದಲ್ಲಿ ಪಕ್ಷದ ನಾಯಕಿಯಾಗಿದ್ದ ಮಿಶೆಲ್ ಒನೀಲ್, ಆ ಕಾಲದಲ್ಲಿ ಹಿಂಸೆ ಬಿಟ್ಟು ಬೇರೆ ದಾರಿ ಇರಲಿಲ್ಲ ಎಂದರು. ಅದೇ ಒನೀಲ್ 2024ರ ಫೆಬ್ರುವರಿಯಲ್ಲಿ ಉತ್ತರ ಐರ್ಲೆಂಡ್‌ನ ಪ್ರಥಮ ಸಚಿವೆಯಾದಾಗ, ಎಲ್ಲರ ಪ್ರಥಮ ಸಚಿವೆಯಾಗಿರುತ್ತೇನೆ ಎಂದರು. ಎರಡೂ ಅವರ ಮಾತೇ. ಅದೇ ವರ್ಷ ಪಕ್ಷದ ಒಬ್ಬ ಮಾಜಿ ಪತ್ರಿಕಾ ಅಧಿಕಾರಿ ಮಕ್ಕಳ ಮೇಲಿನ ಅಪರಾಧ ಒಪ್ಪಿಕೊಂಡ. ಅವನಿಗೆ ಬೇರೆ ಕಡೆ ಕೆಲಸ ಸಿಗಲು ಪಕ್ಷದ ಇಬ್ಬರು ಶಿಫಾರಸು ಪತ್ರ ಕೊಟ್ಟಿದ್ದು ಹೊರಬಂತು. ಇದಕ್ಕೂ ಐಆರ್‌ಎಗೂ ಸಂಬಂಧ ಇಲ್ಲ. ಆದರೆ ಬಾಗಿಲಲ್ಲಿ ಜನ ಹೇಳಿದ್ದು, 'ಅದೇ ಚಾಳಿ, ಕೇಳೋವರೆಗೂ ಬಾಯಿ ಬಿಡಲ್ಲ.' ನನಗೂ ಹಾಗೇ ಅನ್ನಿಸಿತು. ಹಳೆಯ ಕೊಲೆಗಳಿಗಿಂತ ಈಗಿನ ಗುಟ್ಟು ಪಕ್ಷಕ್ಕೆ ಜಾಸ್ತಿ ಕುತ್ತು ತರುತ್ತದೆ.

ಶಿನ್ ಫೇನ್‌ಗೆ ನಾನು ಹಾಕಿದ್ದು 4. ಸಣ್ಣ ಪಕ್ಷವೊಂದಕ್ಕೆ 1, ನಮ್ಮ ಪಕ್ಷೇತರನಿಗೆ 2, ಮೂರನೆಯದು ಬಿಡಿ, ಅದು ಪೂರ್ತಿ ಬಸ್ ಮಾರ್ಗದ ಲೆಕ್ಕಾಚಾರ. ಅವರು ಸರ್ಕಾರದಲ್ಲಿ ಕೂತರೆ ದೇಶ ಮುಳುಗಲ್ಲ ಅನ್ನುವಷ್ಟು ನಂಬಿಕೆ ನನಗಿದೆ, ಕಣ್ಣು ಮುಚ್ಚಿ 1 ಕೊಡುವಷ್ಟು ಇಲ್ಲ.

ಆ ಚುನಾವಣೆಯಲ್ಲಿ ಪಕ್ಷ ಶೇ 19ಕ್ಕೆ ಇಳಿದರೂ 39 ಸೀಟು ಗೆದ್ದಿತು, ಹಿಂದಿನದಕ್ಕಿಂತ ಎರಡು ಹೆಚ್ಚು. ಈ ಸಲ ಅಭ್ಯರ್ಥಿಗಳನ್ನು ಧಾರಾಳವಾಗಿ ನಿಲ್ಲಿಸಿದ್ದರು. ಮೇರಿ ಲೂ ಅವರ ಡಬ್ಲಿನ್ ಸೆಂಟ್ರಲ್‌ನಲ್ಲೇ ವರ್ಗಾವಣೆಯ ಆಟ ಏನು ಅಂತ ಕಂಡಿತು. ನಾಲ್ಕು ಸೀಟಿನ ಆ ಕ್ಷೇತ್ರದಲ್ಲಿ ಮೊದಲ ಸುತ್ತಿನಲ್ಲಿ ನಾಲ್ಕನೆಯವನಾಗಿದ್ದ ಪಕ್ಷೇತರನೊಬ್ಬ ಸೋತ. ಹಿಂದಿದ್ದ ಲೇಬರ್ ಪಕ್ಷದ ಮಾರೀ ಶೆರ್ಲಾಕ್ ಬೇರೆಯವರ ಎರಡು, ಮೂರು, ನಾಲ್ಕುಗಳನ್ನು ಕೂಡಿಸಿಕೊಂಡು ಗೆದ್ದರು.

ಪಕ್ಷಕ್ಕೂ ಈ ಲೆಕ್ಕ ಗೊತ್ತಿದೆ ಅನ್ನಿಸಿದ್ದು 2025ರ ಅಕ್ಟೋಬರ್‌ನ ಅಧ್ಯಕ್ಷ ಚುನಾವಣೆಯಲ್ಲಿ. 2011ರಲ್ಲಿ ಮೆಕ್‌ಗಿನ್ನೆಸ್ ಅವರನ್ನೇ ನಿಲ್ಲಿಸಿ ಶೇ 13.7 ಪಡೆದಿದ್ದರು. ಆ ಪ್ರಚಾರದಲ್ಲಿ ಐಆರ್‌ಎ ಕೊಂದ ಸೈನಿಕನೊಬ್ಬನ ಮಗ ಅಪ್ಪನ ಫೋಟೋ ಹಿಡಿದು ಎದುರಿಗೆ ಬಂದು ನಿಂತಿದ್ದ. 2018ರಲ್ಲಿ ಸಿಕ್ಕಿದ್ದು ಶೇ 6.4. ಈ ಸಲ ತಮ್ಮವರನ್ನು ನಿಲ್ಲಿಸದೆ, ಉಳಿದ ಎಡ ಪಕ್ಷಗಳ ಜೊತೆ ಸೇರಿ ಪಕ್ಷೇತರ ಕ್ಯಾಥರಿನ್ ಕಾನೊಲಿ ಅವರನ್ನು ಬೆಂಬಲಿಸಿದರು. ಅವರು ಶೇ 63ಕ್ಕೂ ಹೆಚ್ಚು ಓಟಿನಿಂದ ಗೆದ್ದರು. ನಾನೂ ಕೆಲವು ಸಂಜೆ ಕರಪತ್ರ ಹಂಚಿದೆ. ಶಿನ್ ಫೇನ್ ಬೆಂಬಲ ಇದೆ ಅಂತ ತಿಳಿದೂ ಬಾಗಿಲು ಹಾಕಿಕೊಂಡವರು ಕಡಿಮೆ. ಆದರೆ ಆ ಕರಪತ್ರದಲ್ಲಿ ಶಿನ್ ಫೇನ್‌ನವರ ಹೆಸರಿನ ಮುಂದೆ ಯಾರೂ ನಂಬರ್ ಬರೆಯಬೇಕಾಗಿರಲಿಲ್ಲ. ಅದನ್ನು ಅಳೆಯಲು ಇನ್ನೊಂದು ಸಂಸತ್ ಚುನಾವಣೆಯೇ ಬರಬೇಕು.